ರೊಟ್ಟಿಯ ಮೇಲೆ ಹೆಸರಿಲ್ಲ: ಕೊಪ್ಪಳ ಸೀಮೆಯ ದಾಸೋಹ ಪರಂಪರೆ

ಹಳೆಯ ಯಲಬುರ್ಗಾ ತಾಲ್ಲೂಕಿನ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯಲ್ಲಿ ಮಹಾದೇವ ದೇವಾಲಯವಿದೆ. ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು ಕ್ರಿ.ಶ. 1112ರಲ್ಲಿ ಅದನ್ನು ಕಟ್ಟಿಸಿದನು. ಅಲ್ಲಿಯ ಶಾಸನವು ಆ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡುತ್ತದೆ. ಕೊಟ್ಟವನ ಹೆಸರು, ಕೊಟ್ಟ ಕಾಲ ಎಲ್ಲವೂ ಕಲ್ಲಿನಲ್ಲಿ ನಿಂತಿವೆ. ಇದು ದಾನದ ಕ್ರಮ. ಇದರಲ್ಲಿ ದೋಷವೇನೂ ಇಲ್ಲ. ಇಂಥ ಶಾಸನಗಳಿಲ್ಲದಿದ್ದರೆ ಈ ನಾಡಿನ ಇತಿಹಾಸವನ್ನು ಬರೆಯುವುದೇ ಕಷ್ಟವಾಗುತ್ತಿತ್ತು. ಆದರೆ ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಉಳಿಸಬೇಕೆಂಬ ಆಸೆಯೊಳಗೆ ಒಂದು ಭಯವೂ ಅಡಗಿರುತ್ತದೆ: ಜನ ಮರೆತರೆ?

ಅದಾದ ಕೆಲವೇ ದಶಕಗಳಲ್ಲಿ ಕಲ್ಯಾಣದ ಶರಣರು ಈ ಭಯವನ್ನೇ ಕಿತ್ತುಹಾಕಿದರು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನದೆಂದು ತಿಳಿದುದು ಮೊದಲಿನಿಂದಲೂ ಶಿವನದು; ಅದನ್ನು ಜಂಗಮದ ಮೂಲಕ ಶಿವನಿಗೇ ಮುಟ್ಟಿಸುವಾಗ ‘ನಾನು ಕೊಟ್ಟೆ’ ಎನ್ನಲು ಎಡೆಯೆಲ್ಲಿ? ಹಸಿದು ಬಂದವನು ಉಂಡು ತಣಿದರೆ ಲಿಂಗ ತಣಿಯಿತು, ಲಿಂಗ ತಣಿದರೆ ಭಕ್ತನ ಮನ ತಣಿಯಿತು ಎಂಬುದು ಶರಣರ ನಿಲುವು. ಕೊಡುವಾಗ ಒಳಗೆ ಹುಟ್ಟುವ ಸಂತೋಷವನ್ನು ಅವರು ಅಲ್ಲಗಳೆಯಲಿಲ್ಲ. ಅದರ ನೆಲೆಯನ್ನು ಹೊಗಳಿಕೆಯಿಂದ ತೃಪ್ತಿಗೆ ಬದಲಿಸಿದರು.

ಈ ಮಾತಿಗೆ ಬದುಕಿನ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ. ಕುಷ್ಟಗಿಯ ನೆರೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿಗಳು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಬಿಟ್ಟು ಬಂದ ಊರಿನ ದೈವ ಆಕೆಯ ವಚನಾಂಕಿತದಲ್ಲಿ ಪತಿಯ ಹೆಸರಿನೊಂದಿಗೆ ಉಳಿದಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಿಂದಲೇ ಇವರ ಮನೆಯ ದಾಸೋಹ ನಡೆಯಬೇಕು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಹೆಚ್ಚಾದುದನ್ನು ತಂದ ಜಾಗದಲ್ಲೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿದರು. ಬಡವರ ಮನೆಯಲ್ಲಿ ಒಂದು ಹಿಡಿ ಅಕ್ಕಿಯ ಬೆಲೆ ಏನೆಂದು ಬಲ್ಲವರಿಗೆ ಈ ಮಾತಿನ ಭಾರ ತಿಳಿಯುತ್ತದೆ. ಮಾರಯ್ಯನವರು ತಮಗಾಗಿ ಬಚ್ಚಿಡಲು ತಂದಿರಲಿಲ್ಲ; ಹೆಚ್ಚು ಜಂಗಮರಿಗೆ ಉಣಿಸಬಹುದೆಂದು ತಂದಿದ್ದರೆಂದೇ ಇಟ್ಟುಕೊಳ್ಳೋಣ. ಆದರೂ ಅದು ಆಸೆಯೇ. ಹೆಚ್ಚು ಕೊಡಬೇಕೆಂಬ ಆಸೆಯನ್ನೂ ಲಕ್ಕಮ್ಮನವರು ಆಸೆಯೆಂದೇ ಎಣಿಸಿದರು ಎಂಬುದು ಈ ಪ್ರಸಂಗದಲ್ಲಿ ಅತ್ಯಂತ ಸೂಕ್ಷ್ಮವಾದುದು. ವ್ಯಾಖ್ಯಾನಕಾರರು ಇದನ್ನು ಪತಿಗೆ ಬುದ್ಧಿ ಹೇಳಿದ ಕಥೆಯಾಗಿ ಮಾತ್ರ ಓದಿ ಮುಂದೆ ಸಾಗುವುದುಂಟು.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಇದಕ್ಕಿಂತಲೂ ಹಳೆಯ ಮಾತೊಂದು ಬರೆದಿದೆ. 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವದು. ಸಮೀಪದ ಪಾಲ್ಕಿಗುಂಡಿನಲ್ಲಿಯೂ ಇನ್ನೊಂದಿದೆ. ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆ ಎಂಬುದು ಅದರ ತಾತ್ಪರ್ಯ. ಬೌದ್ಧ ಚಕ್ರವರ್ತಿಯ ಮಾತಿಗೂ ಶರಣರ ದಾಸೋಹಕ್ಕೂ ನೇರ ನಂಟು ಹೇಳಲಾಗದು. ಆದರೂ ಸಣ್ಣವರ ಕೊಡುಗೆಯಿಂದಲೇ ನಡೆಯುವ ದೊಡ್ಡ ದಾಸೋಹವೊಂದು ಅದೇ ಬೆಟ್ಟದ ಬುಡದಲ್ಲಿ ಪ್ರತಿವರ್ಷ ಕಾಣುತ್ತದೆ.

ಪುಷ್ಯ ಬಹುಳ ಬಿದಿಗೆಯಂದು ಗವಿಸಿದ್ಧೇಶ್ವರರ ರಥೋತ್ಸವ. ಮಹಾದಾಸೋಹವು ಅಮಾವಾಸ್ಯೆಯವರೆಗೆ ಸಾಗುತ್ತದೆ. ಜಾತ್ರೆಗೆ ಮುನ್ನವೇ ಊರೂರುಗಳಲ್ಲಿ ಹೆಣ್ಣುಮಕ್ಕಳು ಒಟ್ಟುಗೂಡಿ ಜೋಳದ ಖಡಕ್ ರೊಟ್ಟಿ ಬಡಿಯುತ್ತಾರೆ. ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿ, ದವಸ, ಕಾಯಿಪಲ್ಯ ಮಠಕ್ಕೆ ಬರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಕಡೆ ಭತ್ತದ ನಾಡು. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿದ ಎರೆ-ಮಸಾರಿ ಹೊಲಗಳು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಗುಳೆ ಹೋಗುತ್ತವೆ. ಅಂಥ ಮನೆಯಿಂದ ಹತ್ತು ರೊಟ್ಟಿ ಬಂದರೆ ಅದನ್ನು ಹತ್ತು ಎಂದು ಎಣಿಸುವುದು ತಪ್ಪಾದೀತು. 2021ರ ಕೋವಿಡ್ ಕಾಲದಲ್ಲಿ ಮಠವು ರೋಗಿಗಳ ಆರೈಕೆಗೆ ಮುಂದಾಯಿತು. 2022ರಲ್ಲಿ ಐದು ಸಾವಿರ ಬಡ ವಿದ್ಯಾರ್ಥಿಗಳ ಉಚಿತ ಪ್ರಸಾದನಿಲಯದ ಕಾರ್ಯ ಆರಂಭವಾಯಿತು. ಇಂಥ ಕಾರ್ಯಗಳ ಬೆನ್ನಿಗಿರುವುದೂ ಭಕ್ತರ ಇದೇ ಕೊಡುವ ಕೈ.

ಇಂದು ಒಂದು ಎಚ್ಚರವೂ ಬೇಕಾಗಿದೆ. ನಾಡಿನ ಅನೇಕ ಗುಡಿ-ಮಠಗಳಲ್ಲಿ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ಬರೆದಿರುತ್ತದೆ. ಫ್ಯಾನು ತಿರುಗುವಾಗ ಅದು ಓದಲು ಬಾರದು, ಓದಬೇಕೆಂದರೆ ಗಾಳಿ ನಿಲ್ಲಿಸಬೇಕು! ಈ ವರ್ಷ ಎಷ್ಟು ಲಕ್ಷ ರೊಟ್ಟಿ, ಎಷ್ಟು ಕ್ವಿಂಟಲ್ ಅಕ್ಕಿ ಎಂಬ ಲೆಕ್ಕವೂ ವ್ಯವಸ್ಥೆಗೆ ಬೇಕು, ನಿಜ. ಆದರೆ ಊರು ಊರಿನ ಮೇಲೆ ಪೈಪೋಟಿಗೆ ಬಿದ್ದು ಲೆಕ್ಕವೇ ಮೆರೆದರೆ ದಾಸೋಹವು ಸದ್ದಿಲ್ಲದೆ ದಾನವಾಗಿಬಿಡುತ್ತದೆ.

ರೊಟ್ಟಿಯ ಮೇಲೆ ಮಾತ್ರ ಯಾರೂ ಹೆಸರು ಬರೆಯಲಾರರು. ಯಲಬುರ್ಗಾದ್ದು, ಕುಷ್ಟಗಿಯದು, ಕೊಪ್ಪಳದ್ದು ಎಲ್ಲವೂ ಒಂದೇ ಬಣವೆಯಲ್ಲಿ ಬೆರೆತುಹೋಗುತ್ತವೆ. ರೊಟ್ಟಿ ಬಡಿದ ತಾಯಿಯೇ ಜಾತ್ರೆಯ ದಿನ ಪಂಕ್ತಿಯಲ್ಲಿ ಕುಳಿತಾಗ ಆಕೆಯ ತಾಟಿಗೆ ಬರುವುದು ಯಾವುದೋ ಊರಿನ, ಯಾರೋ ಬಡಿದ ರೊಟ್ಟಿ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಮುರಿಯುತ್ತಾಳೆ.