ಡೆಸಿಬೆಲ್ ಅಳೆಯುವ ಪಾವು

ಅಮೆರಿಕದ ರಾಕ್‌ವಿಲ್‌ನ ನಮ್ಮ ಬಾಲ್ಕನಿಯಲ್ಲಿ ರಾತ್ರಿ ಹತ್ತರ ಮೇಲೆ ಸೌಂಡ್ ಮೀಟರ್ ಹಿಡಿದರೆ 55 ಎಂದು ತೋರಿಸುತ್ತದೆ. ಮನೆಗಳಿರುವ ಕಡೆ ಮಾಂಟ್‌ಗೊಮರಿ ಕೌಂಟಿ ರಾತ್ರಿಗೆ ಇಟ್ಟಿರುವ ಮಿತಿಯೂ 55 ಡೆಸಿಬೆಲ್; ಹಗಲಿಗೆ 65. ಅಗ್ಗದ ಮೀಟರು, ದಶಾಂಶವಿಲ್ಲ. 54.6 ಇದ್ದರೂ 55, 55.4 ಇದ್ದರೂ 55. ಹಾಗಾದರೆ ಪಕ್ಕದ ಮನೆಯ ಎಸಿ ಮಿತಿಯೊಳಗಿದೆಯೋ, ಮೀರಿದೆಯೋ?

ಇಂಥ ಒರಟು ಅಳತೆಯ ಲೆಕ್ಕ ಶುರುವಾದದ್ದು ಸದ್ದಿನಿಂದಲ್ಲ. ಅಂಕಿಗಳನ್ನು ಸಮ ಅಗಲದ ಗುಂಪುಗಳಿಗೆ ಹಾಕಿ, ಗುಂಪಿನ ನಡುವಣ ಬೆಲೆಯನ್ನೇ ಎಲ್ಲಕ್ಕೂ ಕೊಟ್ಟರೆ ಏನಾಗುತ್ತದೆಂದು 1898ರಲ್ಲಿ ಸಂಖ್ಯಾಶಾಸ್ತ್ರಜ್ಞ ಶೆಪರ್ಡ್ ತೋರಿಸಿದರು. ಗಂಟೆಯಾಕಾರದ ಹಂಚಿಕೆಯಲ್ಲಿ ಸರಾಸರಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮಾನಕ ವಿಚಲನೆಯ ವರ್ಗ ಮಾತ್ರ ಹಿಗ್ಗುತ್ತದೆ, ಗುಂಪಿನ ಅಗಲದ ವರ್ಗದ ಹನ್ನೆರಡನೇ ಒಂದು ಭಾಗದಷ್ಟು. ಪಾವಿನಲ್ಲಿ ಅಳೆದ ಅಕ್ಕಿಯಿಂದಲೂ ಮೂಟೆಯ ಲೆಕ್ಕ ಸರಿಯಾಗಿ ಸಿಗಬಹುದು ಎಂಬ ಧೈರ್ಯ ಬಂದದ್ದು ಇಲ್ಲಿಂದ.

1929ರಲ್ಲಿ ನ್ಯೂಯಾರ್ಕ್ ನಗರ ಗದ್ದಲ ನಿವಾರಣೆಗೆ ಆಯೋಗ ನೇಮಿಸಿ, ಲಾರಿಯಲ್ಲಿ ಉಪಕರಣ ಹೇರಿಕೊಂಡು ಬೀದಿ ಬೀದಿ ಅಳೆಸಿತು. ಆದರೆ ನನ್ನ ಮನಸ್ಸು ನಿಲ್ಲುವುದು ಆಮೇಲಿನ ಕೈಬರಹದ ಹಾಳೆಗಳ ಹತ್ತಿರ. ರಸ್ತೆ ಬದಿಯಲ್ಲಿ ಒಬ್ಬರು ನಿಂತಿದ್ದಾರೆ. ಹತ್ತು ಸೆಕೆಂಡಿಗೊಮ್ಮೆ ಮೀಟರಿನ ಮುಳ್ಳು ನೋಡಿ, ಹಾಳೆಯ ಸರಿಯಾದ ಮನೆಯಲ್ಲಿ ಒಂದು ಗೆರೆ ಎಳೆಯುತ್ತಾರೆ. ನಾಲ್ಕು ಗೆರೆಯಾದ ಮೇಲೆ ಐದನೆಯದು ಅಡ್ಡ. ಬಸ್ಸು ಹೋದರೆ ಗೆರೆ ಮೇಲಿನ ಮನೆಗೆ ಏರುತ್ತದೆ. ಅರ್ಧ ಹೊತ್ತು ಸದ್ದು ಯಾವ ಮಟ್ಟದ ಮೇಲಿತ್ತು, ಹತ್ತರಲ್ಲಿ ಒಂದು ಪಾಲು ಹೊತ್ತು ಯಾವುದರ ಮೇಲಿತ್ತು ಎಂಬುದು ಆ ಗೆರೆಗಳನ್ನು ಎಣಿಸಿದರೇ ಸಿಗುತ್ತದೆ.

ಶಕ್ತಿಯ ಸರಾಸರಿ ಅಷ್ಟು ಸಲೀಸಲ್ಲ. ಡೆಸಿಬೆಲ್ ಲಾಗರಿದಮ್ ಆದ್ದರಿಂದ 60 ಮತ್ತು 70ರ ಶಕ್ತಿ-ಸರಾಸರಿ 65 ಅಲ್ಲ, 67.4. ಐದೈದು ಡೆಸಿಬೆಲ್‌ನ ಮನೆಗಳಿಂದ ಇದನ್ನು ಲೆಕ್ಕ ಹಾಕಿದರೆ, ಹಂಚಿಕೆ ಗಂಟೆಯಾಕಾರದಲ್ಲಿದ್ದು ಮನೆಯ ಅಗಲಕ್ಕಿಂತ ಚೆನ್ನಾಗಿ ಹರಡಿದ್ದಾಗ, ಉತ್ತರ ಸುಮಾರು 0.24 ಹೆಚ್ಚು ಬರುತ್ತದೆ. ಶೆಪರ್ಡರ ತಿದ್ದುಪಡಿಯಿಂದ ಅದನ್ನು ಕಳೆಯಬಹುದು.

1948ರಲ್ಲಿ ಬೆಲ್ ಲ್ಯಾಬ್ಸ್‌ನ ಬೆನೆಟ್, ಪೂರ್ಣಾಂಕಕ್ಕೆ ಇಳಿಸುವಾಗಿನ ತಪ್ಪನ್ನೇ ಒಂದು ಬಗೆಯ ಗದ್ದಲವೆಂದು ಲೆಕ್ಕಕ್ಕೆ ತಂದರು. ಒಂದು ಡೆಸಿಬೆಲ್‌ನ ಹೆಜ್ಜೆಗೆ ಆ ತಪ್ಪು ಸುಮಾರು 0.29, ಬಿಡಿ ಬಿಡಿಯಾಗಿ ನೂರು ಸಲ ಓದಿದರೆ ಅದರ ಹತ್ತನೇ ಒಂದು. ಆದರೆ ಸದ್ದು ಅಲುಗಾಡುತ್ತಿರಬೇಕು! ಎಸಿಯ ಒಂದೇ ಸಮನೆ ಗುಂಯ್‌ಗುಡುವಿಕೆ 54.6ರಲ್ಲಿ ನಿಂತಿದ್ದರೆ ಸಾವಿರ ಸಲ ಓದಿದರೂ 55. ಅದಕ್ಕಾಗಿ ಪೂರ್ಣಾಂಕಕ್ಕೆ ಇಳಿಸುವ ಮೊದಲೇ ಅಂಕಿಗೆ ಬೇಕೆಂದೇ ಸ್ವಲ್ಪ ಗದ್ದಲ ಬೆರೆಸುವ ಉಪಾಯವನ್ನು 1962ರಲ್ಲಿ ಎಂಜಿನಿಯರ್ ರಾಬರ್ಟ್ಸ್ ಚಿತ್ರಗಳಿಗೆ ಅನ್ವಯಿಸಿದರು. ನಮ್ಮಲ್ಲಿ ಆ ಕೆಲಸವನ್ನು ಹೆದ್ದಾರಿ 270ರ ಲಾರಿಗಳು ಮಾಡುತ್ತವೆ: ಅಂಕಿ 54, 56 ಎಂದು ಕುಣಿಯತೊಡಗಿದಾಗ ಒಟ್ಟು ಸದ್ದಿನ ದಶಾಂಶ ಹೊರಬೀಳುತ್ತದೆ.

ಕಾನೂನಿನ ಕಥೆ ಬೇರೆ. 1972ರಲ್ಲಿ ಅಮೆರಿಕ ಗದ್ದಲ ನಿಯಂತ್ರಣ ಕಾಯ್ದೆ ತಂದಿತು. ಅದರ ಕಚೇರಿಗೆ 1980ರ ದಶಕದ ಆರಂಭದಲ್ಲೇ ಹಣ ನಿಂತುಹೋಯಿತು. ಇದು ನನಗೆ ಈಗಲೂ ನೋವಿನ ಸಂಗತಿ. ಬೆಂಗಳೂರಿನಲ್ಲಿ 2011ರಿಂದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲದ ಮೀಟರುಗಳಿವೆ. ಅಲ್ಲಿ ವಸತಿ ಪ್ರದೇಶದ ರಾತ್ರಿ ಮಿತಿ 45. ಅಳೆಯುವುದಂತೂ ಈಗ ಸುಲಭ: 2017ರಲ್ಲಿ ಬಂದ, ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯಾಷ್‌ನ ಆ್ಯಪ್ ಐಫೋನನ್ನೇ ಮೀಟರ್ ಮಾಡಿತು.

ಎಷ್ಟು ಎಣಿಸಿದರೂ ತೊಲಗದ ತಪ್ಪೊಂದಿದೆ. ಮೈಕಿಗೆ ಕ್ಯಾಲಿಬ್ರೇಟರ್ ಸಿಕ್ಕಿಸಿ 94 ಡೆಸಿಬೆಲ್‌ನ ಸ್ವರ ಕೊಡಿ. ಪರದೆ 95 ಎಂದರೆ, ಬಾಲ್ಕನಿಯ 55 ನಿಜಕ್ಕೂ 54ರ ಆಸುಪಾಸು.