ಮಾಯವಾಗುವ ಫೋಲ್ಡರುಗಳ ಹಿಂದಿನ ಕಥೆ

2015ರ ಡಿಸೆಂಬರ್ ಮಳೆಯಲ್ಲಿ ಫೋಟೋ ಆಲ್ಬಮ್ಮುಗಳು ನೆನೆದು ಮುದ್ದೆಯಾದ ಮೇಲೆ, ಚೆನ್ನೈನಲ್ಲಿ ನನಗೆ ಗೊತ್ತಿರುವ ನಾಲ್ಕಾರು ಕನ್ನಡದ ಮನೆಗಳಿಗೆ ಒಂದೊಂದು ಪುಟ್ಟ ಪೆಟ್ಟಿಗೆ ಬಂತು. ಒಳಗೆ ಎರಡು ಹಾರ್ಡ್ ಡಿಸ್ಕು, ಹಿಂದೆ ಒಂದು ನೆಟ್‌ವರ್ಕ್ ವೈರು. ನ್ಯಾಸ್ ಅಂತಾರೆ. ಉಳಿದ ಫೋಟೋ, ಹಾಡು, ಮನೆ ಪತ್ರದ ಸ್ಕ್ಯಾನು ಎಲ್ಲ ಅದರಲ್ಲಿ. ಮನೆಯ ಯಾವ ಕಂಪ್ಯೂಟರಿನಿಂದಲಾದರೂ ನೋಡಬಹುದು.

ನೋಡಬಹುದು, ಕಂಡರೆ! ಒಂದು ಬೆಳಿಗ್ಗೆ ಫೋಲ್ಡರೇ ಇರುವುದಿಲ್ಲ. ಅಥವಾ ಹಸಿರು ಗೆರೆ ತೆವಳುತ್ತಾ ತೆವಳುತ್ತಾ ಕಾಫಿ ಆರಿಹೋಗುತ್ತದೆ. ಅಂಗಡಿಯವನನ್ನು ಕೇಳಿದರೆ "ಡಿಸ್ಕ್ ಹೋಯ್ತು ಸಾರ್" ಅಂತಾನೆ. ಎಷ್ಟೋ ಸಲ ಡಿಸ್ಕಿಗೆ ಏನೂ ಆಗಿರುವುದಿಲ್ಲ. ನಾನು ಬಿ.ಕಾಂ. ಓದಿದವನು, ಇಂಜಿನಿಯರಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಹಳೆಯ ವೋಚರು ಕೆದಕುವ ಚಟ ಬ್ಯಾಂಕಿನಲ್ಲಿ ಅಂಟಿಕೊಂಡಿದೆ. ಈ ವೋಚರು ಸುಮಾರು ನಲವತ್ತು ವರ್ಷ ಹಳೆಯದು.

1983ರಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ಎಂಬಾತ, ದೂರದ ಕಂಪ್ಯೂಟರಿನ ಡಿಸ್ಕು ನಮ್ಮದೇ ಡಿಸ್ಕಿನಂತೆ ಡಾಸ್‌ಗೆ ಕಾಣಬೇಕು ಅಂತ ಒಂದು ಭಾಷೆ ಕಟ್ಟಿದ. ಅದೇ ಎಸ್‌ಎಂಬಿ. ಅದರ ಜೊತೆಗಾರ ನೆಟ್‌ಬಯೋಸ್. ಹೆಸರುಗಳಿಗೆ ರಿಜಿಸ್ಟರಿಲ್ಲ, ಪ್ರತಿ ಯಂತ್ರವೂ "ನಾನು ಇಂಥವನು" ಅಂತ ಕೂಗಬೇಕು, ಹೆಸರು 15 ಅಕ್ಷರ ಮೀರಬಾರದು. ಒಂದು ಕೋಣೆಯೊಳಗಿನ ಹತ್ತಾರು ಯಂತ್ರಗಳಿಗೆ ಸಾಕಾಗುವ ವ್ಯವಸ್ಥೆ.

ಆಮೇಲೆ ಮೈಕ್ರೋಸಾಫ್ಟಿನವರು ಹಾಜರಿ ಪುಸ್ತಕ ಒಂದನ್ನು ಸೇರಿಸಿದರು. ನಮ್ಮ ಶಾಖೆಯಲ್ಲಿ ಅದು ಮ್ಯಾನೇಜರ ಮೇಜಿನ ಮೇಲೆ ಇರುತ್ತಿತ್ತು. ಇಲ್ಲಿ ಮ್ಯಾನೇಜರು ಯಾರು ಅಂತ ಯಂತ್ರಗಳೇ ಚುನಾವಣೆ ಮಾಡಿಕೊಳ್ಳಬೇಕು (ಹೌದು ಸ್ವಾಮಿ, ಅದರ ಹೆಸರೇ ಎಲೆಕ್ಷನ್). ಗೆದ್ದವನ ಹತ್ತಿರ ಪಟ್ಟಿ. ಉಳಿದವರು 12 ನಿಮಿಷಕ್ಕೊಮ್ಮೆ ಹಾಜರಿ ಹೇಳಬೇಕು, ಮೂರು ಸಲ ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಹಾಗಾಗಿ ಆಫ್ ಮಾಡಿದ ಯಂತ್ರ ಅರ್ಧ ಗಂಟೆಗೂ ಮೇಲೆ ಪಟ್ಟಿಯಲ್ಲಿ ಜೀವಂತ! ಗೆದ್ದವನನ್ನೇ ಯಾರಾದರೂ ಆಫ್ ಮಾಡಿದರೆ ಮತ್ತೆ ಚುನಾವಣೆ; ಅಲ್ಲಿಯತನಕ ಎದುರಿಗೇ ಓಡುತ್ತಿರುವ ಯಂತ್ರವೂ ಕಾಣದಿರಬಹುದು. ಪಟ್ಟಿ ಬೇರೆ, ವಸ್ತು ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂದ ಹಾಗೆ, ನಮ್ಮ ಮನೆಯ ಪೆಟ್ಟಿಗೆಗಳಲ್ಲಿ ವಿಂಡೋಸ್ ಇರುವುದಿಲ್ಲ. ಹೆಚ್ಚಿನವುಗಳಲ್ಲಿ ಇರುವುದು ಲಿನಕ್ಸ್, ಅದರ ಮೇಲೆ ಸಾಂಬಾ. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್, 1991ರ ಕೊನೆಯಲ್ಲಿ ತನ್ನ ಡಾಸ್ ಯಂತ್ರಕ್ಕೆ ಯೂನಿಕ್ಸ್ ಡಿಸ್ಕು ಕಾಣಬೇಕೆಂದು, ವೈರಿನಲ್ಲಿ ಹರಿಯುವ ಮಾತನ್ನು ಕದ್ದು ಕೇಳಿ ಅದನ್ನು ಬರೆದ. ಮೊದಲಿಟ್ಟಿದ್ದ ಹೆಸರು ಬೇರೆ ಕಂಪನಿಯದು ಅಂತ ತಕರಾರು ಬಂದಾಗ, ನಿಘಂಟಿನಲ್ಲಿ ಎಸ್, ಎಂ, ಬಿ ಕ್ರಮವಾಗಿ ಬರುವ ಪದ ಹುಡುಕಿಸಿದ. ಸಾಂಬಾ ಸಿಕ್ಕಿತು. ನಮ್ಮ ಸಾಂಬಾರಿಗೂ ಇದಕ್ಕೂ ಸಂಬಂಧವಿಲ್ಲ!

ನಿಧಾನಕ್ಕೂ ಒಂದು ಹಳೆಯ ಕಾರಣ ಇಲ್ಲೇ ಇದೆ. ವಿಂಡೋಸಿಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಲಿನಕ್ಸಿಗೆ ಬೇರೆ ಬೇರೆ. ಹಾಗಾಗಿ "ಈ ಹೆಸರಿನ ಫೈಲು ಇಲ್ಲ" ಅನ್ನುವ ಮೊದಲು ಸಾಂಬಾ ಇಡೀ ಫೋಲ್ಡರನ್ನು ಓದಿ ನೋಡಬೇಕಾಗಬಹುದು. ಒಂದೇ ಫೋಲ್ಡರಿಗೆ ಇಪ್ಪತ್ತು ಸಾವಿರ ಫೋಟೋ ಸುರಿದರೆ ತೆವಳದೆ ಇನ್ನೇನು? ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಆದರೂ ಆ ದಂಡ ನಾವೂ ಕಟ್ಟಬೇಕು. ವರ್ಷಕ್ಕೊಂದು, ಸಮಾರಂಭಕ್ಕೊಂದು ಫೋಲ್ಡರು ಮಾಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಮಾಯವಾಗುವ ವಿಷಯ. 2017ರ ಮೇ 12ರಂದು ವಾನಾಕ್ರೈ ಹರಡಿತು. ಬ್ರಿಟನ್ನಿನ ಆಸ್ಪತ್ರೆಗಳು ನಿಂತವು, ಇಲ್ಲಿ ಆಂಧ್ರಪ್ರದೇಶ ಪೊಲೀಸರ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಹುಳು ನುಗ್ಗಿದ್ದು ಎಸ್‌ಎಂಬಿಯ ಮೊದಲ ಆವೃತ್ತಿಯ ಬಾಗಿಲಿನಿಂದ. ತೇಪೆ ಮಾರ್ಚಿಯಲ್ಲೇ ಬಂದಿತ್ತು, ಹಾಕಿಕೊಳ್ಳದವರು ಬಲಿಯಾದರು. ಅದೇ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಆ ಹಳೆಯ ಎಸ್‌ಎಂಬಿಯನ್ನು ಬಿಡಿಸತೊಡಗಿತು. ಮನೆಬಳಕೆಯ ವಿಂಡೋಸಿನಲ್ಲಿ 15 ದಿನ ಬಳಸದಿದ್ದರೆ ಅದು ತಾನಾಗಿಯೇ ಕಳಚಿಕೊಳ್ಳುತ್ತದೆ. ಮಾಡಿದ್ದು ಸರಿ. ಆದರೆ ಆ ಹಾಜರಿ ಪುಸ್ತಕ ನಿಂತಿದ್ದೂ ಅದರ ಮೇಲೆಯೇ. ಅದರ ಜೊತೆ ಪಟ್ಟಿಯೂ ಹೋಯಿತು! ಮಾಲು ಗೋದಾಮಿನಲ್ಲೇ ಇದೆ, ಸ್ಟಾಕ್ ರಿಜಿಸ್ಟರು ಮಾತ್ರ ಸುಟ್ಟಿದೆ.

ಹಾಗಾಗಿ ಫೋಲ್ಡರು ಕಾಣದಿದ್ದರೆ ಮೊದಲು ಪಟ್ಟಿ ಬಿಟ್ಟುಬಿಡಿ. ಪೆಟ್ಟಿಗೆಯ ವಿಳಾಸವನ್ನೇ, \\192.168.1.20 ಎಂಬಂತೆ, ಮೇಲಿನ ಪಟ್ಟಿಯಲ್ಲಿ ಟೈಪ್ ಮಾಡಿ (ನಿಮ್ಮ ಮನೆಯ ಅಂಕಿ ಬೇರೆ ಇರುತ್ತದೆ, ರೌಟರಿನಲ್ಲಿ ಸಿಗುತ್ತದೆ). ತೆರೆದುಕೊಂಡರೆ ಡಿಸ್ಕು ಕ್ಷೇಮ. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಹೊಸ ಹಾಜರಿ ಪದ್ಧತಿಯಾದ ಡಬ್ಲ್ಯೂಎಸ್-ಡಿಸ್ಕವರಿ ಇದ್ದರೆ ಆನ್ ಮಾಡಿ. "ಎಸ್‌ಎಂಬಿ 1 ಮತ್ತೆ ಹಾಕಿಕೊಳ್ಳಿ" ಎಂಬ ಸಲಹೆಯನ್ನು ಮಾತ್ರ ಕೇಳಬೇಡಿ. ಕಳ್ಳ ಬಂದ ಬಾಗಿಲನ್ನು ಗಾಳಿಗೆಂದು ತೆರೆದಿಟ್ಟ ಹಾಗೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಪ್ರೊ, ಪಾಸ್‌ವರ್ಡಿಲ್ಲದ ಅತಿಥಿ ಪ್ರವೇಶಕ್ಕೂ ತಡೆ ಹಾಕಿದೆ. ಪೆಟ್ಟಿಗೆಯಲ್ಲಿ ಹೆಸರು, ಪಾಸ್‌ವರ್ಡು ಮಾಡಿಕೊಂಡರಾಯಿತು.

ಇಷ್ಟು ಎಲ್ಲ ಭಾಷೆಯವರಿಗೂ ಸಲ್ಲುವ ಮಾತು. ಕನ್ನಡದವರಿಗೇ ಮೀಸಲಾದ ತೊಂದರೆಯೊಂದಿದೆ. ನಮ್ಮಮ್ಮ ಹೇಳುತ್ತಿದ್ದ ಸೋಬಾನೆ ಪದಗಳನ್ನು ಕ್ಯಾಸೆಟ್ಟಿನಿಂದ ಇಳಿಸಿ "ಸೋಬಾನೆ" ಎಂಬ ಫೋಲ್ಡರಿನಲ್ಲಿಟ್ಟಿದ್ದೆವು. ಕೆಲವು ನನ್ನ ವಿಂಡೋಸಿನಿಂದ, ಹೆಚ್ಚಿನವು ಮಗಳ ಹಳೆಯ ಮ್ಯಾಕಿನಿಂದ. ಹೆಸರು ಟೈಪ್ ಮಾಡಿ ತೆರೆದರೆ ಒಂಬತ್ತೇ ಹಾಡು! ಅಮ್ಮ ಹೋಗಿ ಹನ್ನೆರಡು ವರ್ಷ, ಕ್ಯಾಸೆಟ್ಟು ನೀರಿನಲ್ಲಿ ಹೋಗಿತ್ತು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ.

ಇದ್ದದ್ದು ಎರಡು "ಸೋಬಾನೆ". ವಿಂಡೋಸಿನಲ್ಲಿ "ಸೋ" ಅಂದರೆ ಸ ಮತ್ತು ಓತ್ವ, ಎರಡು ಸಂಕೇತ. ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿ (1998ರದ್ದು) ಅದನ್ನೇ ಬಿಡಿಸಿ ಸ, ಎತ್ವ, ಊತ್ವ, ದೀರ್ಘ ಅಂತ ನಾಲ್ಕಾಗಿ ಇಡುತ್ತದೆ. ಕಣ್ಣಿಗೆ ಒಂದೇ, ಲಿನಕ್ಸಿಗೆ ಎರಡು ಬೇರೆ ಹೆಸರು. ಮಗಳು ನಕಲಿಸಿದ್ದು ಆರ್‌ಸಿಂಕ್ ಎಂಬ ಉಪಕರಣದಿಂದ (ಅದೂ 1996ರಲ್ಲಿ ಅದೇ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ಬರೆದದ್ದು!). ಅದು ಹೇಳದ ಹೊರತು ಹೆಸರನ್ನು ಬದಲಿಸುವುದಿಲ್ಲ. ಈ, ಏ, ಐ, ಒ, ಓ ಸ್ವರಚಿಹ್ನೆ ಇರುವ ಹೆಸರಿಗೆಲ್ಲ ಈ ಪಾಡು. ಕೋಲಾರಕ್ಕೆ ಆಗುತ್ತದೆ, ಹಾಸನಕ್ಕೆ ಆಗುವುದಿಲ್ಲ. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಎರಡನ್ನೂ ತೆರೆದು ನೋಡದೆ ಯಾವುದನ್ನೂ ಅಳಿಸಬೇಡಿ. ನಮ್ಮದು ಎರಡೂ ಸೇರಿಸಿ ಎಣಿಸಿದಾಗ ಮೂವತ್ತೆರಡು ಹಾಡು ಬಂತು.

ಉದ್ದದ ಹೆಸರಿಗೂ ಮಿತಿಯಿದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಅಂದರೆ 85 ಸಂಕೇತ ಮಾತ್ರ, ಅದರಲ್ಲಿ "ಸ್ತ್ರೀ" ಒಂದೇ ಆರನ್ನು ತಿನ್ನುತ್ತದೆ. ಗೂಢಲಿಪಿ ಹಾಕಿದ ಕೆಲವು ಪೆಟ್ಟಿಗೆಗಳಲ್ಲಿ ಮಿತಿ 143 ಬೈಟು, ಅಂದರೆ ಬರೀ 47 ಸಂಕೇತ. ವಿಂಡೋಸ್ ಇದಕ್ಕಿಂತ ಉದ್ದದ ಹೆಸರನ್ನು ಒಪ್ಪುತ್ತದೆ, ಪೆಟ್ಟಿಗೆ ಒಪ್ಪುವುದಿಲ್ಲ. ಮದುವೆ, ಊರು, ತಾರೀಖು, ಯಾರ ಪಕ್ಕ ಯಾರು ಎಂದೆಲ್ಲ ಹೆಸರಿನಲ್ಲೇ ಬರೆದಿದ್ದ ಹನ್ನೊಂದು ಫೋಟೋಗಳು ಹೀಗೆ ನಕಲಾಗದೆ ಉಳಿದಿದ್ದವು. ಆ ವಿವರವನ್ನೆಲ್ಲ ಪಕ್ಕದಲ್ಲೊಂದು ಪಟ್ಟಿಗೆ ಇಳಿಸಿ, ಹೆಸರು ಮೊಟಕು ಮಾಡಿ, ಒಂದೊಂದಾಗಿ ಕಳಿಸಿದೆ.