ಕರ್ತನ ದಿನ (ಭಾನುವಾರದ ಆಚರಣೆ)

ವಾರದ ಮೊದಲ ದಿನವಾದ ಭಾನುವಾರವನ್ನು ಆರಾಧನೆಗೂ ವಿಶ್ರಾಂತಿಗೂ ಮೀಸಲಿಡುವ ಕ್ರೈಸ್ತ ಆಚರಣೆ. ಯೇಸುಕ್ರಿಸ್ತನು ಪುನರುತ್ಥಾನ ಹೊಂದಿದ್ದು ಈ ದಿನ ಎಂಬ ನಂಬಿಕೆಯೇ ಇದರ ಬುನಾದಿ. ಆರಾಧನೆ, ವಿಶ್ರಾಂತಿ ಎರಡೂ ಒಂದೇ ಕಾಲಕ್ಕೆ ಬಂದವಲ್ಲ. ಆರಾಧನೆ ಮೊದಲ ಶತಮಾನದ್ದು. ಕೆಲಸಕ್ಕೆ ಕಾನೂನುಬದ್ಧ ಬಿಡುವು ನಾಲ್ಕನೆಯ ಶತಮಾನದ್ದು.

ಆರಂಭ

ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸಂಜೆಯವರೆಗಿನದು. ಯೆಹೂದ್ಯರ ನಡುವೆಯೇ ಹುಟ್ಟಿದ ಕ್ರೈಸ್ತ ಸಭೆ ಅದರ ಮರುದಿನ ಕೂಡತೊಡಗಿತು. ತ್ರೋವ ಪಟ್ಟಣದಲ್ಲಿ ವಾರದ ಮೊದಲ ದಿನ ರೊಟ್ಟಿ ಮುರಿಯಲು ಸೇರಿದವರೊಡನೆ ಅಪೊಸ್ತಲ ಪೌಲನು ನಡುರಾತ್ರಿಯವರೆಗೆ ಮಾತಾಡಿದ ಪ್ರಸಂಗ ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಗ್ರಂಥದಲ್ಲಿದೆ. ‘ಕರ್ತನ ದಿನ’ ಎಂಬ ಹೆಸರು ‘ಪ್ರಕಟನೆ’ಯಲ್ಲಿ ಬರುತ್ತದೆ.

ಎರಡನೆಯ ಶತಮಾನದ ನಡುವಿನಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಅಂದಿನ ಸಭೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಿದ್ದರು. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿದ್ದಷ್ಟು ಓದುತ್ತಿದ್ದರು. ಬೋಧನೆಯ ನಂತರ ಎಲ್ಲರೂ ಎದ್ದು ನಿಂತು ಪ್ರಾರ್ಥಿಸಿ, ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುತ್ತಿದ್ದರು. ಬಾರದವರ ಪಾಲನ್ನು ಸಭಾಸೇವಕರು ಮನೆಗೆ ಮುಟ್ಟಿಸುತ್ತಿದ್ದರು. ಉಳ್ಳವರು ಕೊಟ್ಟ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಸಲ್ಲುತ್ತಿತ್ತು. ಇಷ್ಟೆಲ್ಲ ನಡೆದರೂ ರೋಮ್ ಸಾಮ್ರಾಜ್ಯದಲ್ಲಿ ಭಾನುವಾರಕ್ಕೆ ರಜೆ ಇರಲಿಲ್ಲ.

ರಾಜಶಾಸನ

ಕ್ರಿ.ಶ. 321ರ ಮಾರ್ಚ್‌ನಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಸೂರ್ಯನ ದಿನದಂದು ನ್ಯಾಯಾಧೀಶರು, ಪಟ್ಟಣಿಗರು, ಕುಶಲಕರ್ಮಿಗಳು ಕೆಲಸ ನಿಲ್ಲಿಸಬೇಕೆಂದು ಆಜ್ಞಾಪಿಸಿದ. ಬಿತ್ತನೆಯ ಹದ ತಪ್ಪಬಾರದೆಂದು ರೈತರಿಗೆ ವಿನಾಯಿತಿ ಕೊಟ್ಟ. ನಾಲ್ಕನೆಯ ಶತಮಾನದಲ್ಲೇ ಲವೊದಿಕೀಯದ ಧರ್ಮಸಭೆ, ಶನಿವಾರ ಕೆಲಸ ಮಾಡಿ ಸಾಧ್ಯವಾದರೆ ಭಾನುವಾರ ವಿರಮಿಸುವಂತೆ ಕ್ರೈಸ್ತರಿಗೆ ವಿಧಿಸಿತು.

ವಾದ ಮತ್ತು ವಿರೋಧ

ಇಂಗ್ಲೆಂಡಿನ ಕಟ್ಟಾ ಪ್ರೊಟೆಸ್ಟೆಂಟರಾದ ಪ್ಯೂರಿಟನ್ನರು ಸಬ್ಬತ್ತಿನ ಕಟ್ಟುನಿಟ್ಟನ್ನೆಲ್ಲ ಭಾನುವಾರಕ್ಕೆ ತಂದರು. 1618ರಲ್ಲಿ ದೊರೆ ಒಂದನೆಯ ಜೇಮ್ಸ್, ಆರಾಧನೆ ಮುಗಿದ ಮೇಲೆ ಕುಣಿತ, ಬಿಲ್ಲುಗಾರಿಕೆಯಂಥ ಆಟಗಳಿಗೆ ಅಡ್ಡಿಯಿಲ್ಲ ಎಂದು ಪ್ರಕಟಣೆ ಹೊರಡಿಸಿದ. 1643ರಲ್ಲಿ ಪಾರ್ಲಿಮೆಂಟು ಅದನ್ನು ಬಹಿರಂಗವಾಗಿ ಸುಡಿಸಿತು. ಏಳನೆಯ ದಿನವೇ ನಿಜವಾದ ಸಬ್ಬತ್ ಎನ್ನುವ ಸೆವೆಂತ್ ಡೇ ಅಡ್ವೆಂಟಿಸ್ಟರು ಇಂದಿಗೂ ಶನಿವಾರವನ್ನೇ ಪಾಲಿಸುತ್ತಾರೆ.

ಭಾನುವಾರವನ್ನು ಅಳಿಸುವ ಯತ್ನಗಳೂ ನಡೆದವು. ಫ್ರೆಂಚ್ ಕ್ರಾಂತಿಕಾರರು 1793ರಲ್ಲಿ ಹತ್ತು ದಿನಗಳ ವಾರ ತಂದರು; 1806ರ ಹೊತ್ತಿಗೆ ಹಳೆಯ ಪಂಚಾಂಗವೇ ಮರಳಿತು. ಸೋವಿಯತ್ ಒಕ್ಕೂಟ 1929ರಲ್ಲಿ ಕಾರ್ಮಿಕರಿಗೆ ಸರದಿಯ ಮೇಲೆ ರಜೆ ಕೊಡುವ ಐದು ದಿನಗಳ ವಾರ ಜಾರಿಗೊಳಿಸಿತು. ಗಂಡನಿಗೊಂದು ದಿನ, ಹೆಂಡತಿಗೊಂದು ದಿನ ರಜೆಯಾಗಿ ಮನೆಮಂದಿ ಒಟ್ಟಿಗೆ ಕೂರುವುದೇ ಕಷ್ಟವಾಯಿತು. 1940ರಲ್ಲಿ ಭಾನುವಾರದ ರಜೆ ಮತ್ತೆ ಬಂತು.

ಭಾರತದಲ್ಲಿ

ಕರ್ನಾಟಕದ ಕಥೋಲಿಕರಿಗೆ ಭಾನುವಾರದ ಬಲಿಪೂಜೆ ಕಡ್ಡಾಯ ಕರ್ತವ್ಯ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಆರಾಧನೆಯ ಜೊತೆಗೆ ಮಕ್ಕಳಿಗೆ ಸಂಡೆ ಸ್ಕೂಲ್ ನಡೆಯುತ್ತದೆ.

ದುಡಿಯುವವರ ರಜೆಯಾಗಿ ಈ ದಿನ ದಕ್ಕಿದ್ದು ಹೋರಾಟದಿಂದ. ಜೋತಿಬಾ ಫುಲೆಯವರ ಒಡನಾಡಿ, ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ ವಾರಕ್ಕೊಂದು ರಜೆ ಬೇಕೆಂದು ಒತ್ತಾಯಿಸಿದರು. 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1948ರ ಕಾರ್ಖಾನೆಗಳ ಕಾಯ್ದೆಯ 52ನೆಯ ಕಲಮು ಭಾನುವಾರವನ್ನೇ ವಾರದ ರಜೆಯೆಂದು ಗುರುತಿಸಿ, ಅಂದು ದುಡಿಸಿಕೊಂಡರೆ ಹತ್ತಿರದಲ್ಲೇ ಬದಲಿ ರಜೆ ಕೊಡಬೇಕೆಂದು ವಿಧಿಸಿತು.